ಪೋಷಕರಿಗೆ ಪತ್ರ: ಕೆರೆಯಂಗಳದ ಮೂಳೆ ಮತ್ತು ಶನಿವಾರದ ಡೈನೋಸಾರ್ ಓದು

ಮಾನ್ಯ ಪೋಷಕರೇ,

ಐದನೇ ತರಗತಿಯ ಇಬ್ಬರು ಮಕ್ಕಳು ಕೆರೆಯಂಗಳದಲ್ಲಿ ಸಿಕ್ಕ ದನದ ಮೂಳೆಯನ್ನು ಡೈನೋಸಾರ್ ಮೂಳೆಯೆಂದು ನಂಬಿ, ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ತಂದ ವಿಷಯ ತಮಗೆಲ್ಲ ತಿಳಿದಿದೆ. ಅದಾದ ಮೇಲೆ ಹಲವರು ಶಾಲೆಗೆ ಬಂದು, ಶನಿವಾರದ ಗ್ರಂಥಾಲಯ ಅವಧಿಯಲ್ಲಿ ಮಕ್ಕಳು ಓದುತ್ತಿರುವ ಡೈನೋಸಾರ್ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕೆಂದು ಕೇಳಿದ್ದೀರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಇದೇ ಮಾತು ಬಂದಿತು.

ಮೂಳೆಯ ವಿಷಯದಲ್ಲಿ ತಮ್ಮ ಆಕ್ಷೇಪ ಪೂರ್ತಿಯಾಗಿ ನ್ಯಾಯವಾದದ್ದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕಡೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೆರೆ ತುಂಬಿಕೊಂಡಿದೆ, ದಡದಲ್ಲಿ ಕಾಲಿಟ್ಟರೆ ಹೂತುಕೊಳ್ಳುವಷ್ಟು ಕೆಸರಿದೆ. ಯಾವ ಮಗುವೂ ಕೆರೆಯ ಬಳಿ ಅಗೆಯಬಾರದು, ಮೂಳೆ ಮುಟ್ಟಬಾರದು ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಖಡಾಖಂಡಿತವಾಗಿ ಹೇಳಿದ್ದೇನೆ.

ಆದರೆ ಓದನ್ನು ನಿಲ್ಲಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಆ ಮಕ್ಕಳು ಅರ್ಧ ಓದಿಕೊಂಡು ಅಗೆಯಲು ಹೊರಟರು. ಉಳಿದರ್ಧವನ್ನು ಹೇಳಿಕೊಡಬೇಕಾಗಿದ್ದವರು ನಾವು, ನಾವು ತಡ ಮಾಡಿದೆವು. ಈಗ ಹೇಳಿದ್ದೇವೆ. ನಮ್ಮ ಅಂತರಗಂಗೆ ಬೆಟ್ಟದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು, ಡೈನೋಸಾರ್‌ಗಳು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅಲ್ಲದೆ ಅವುಗಳ ಮೂಳೆ ಉಳಿಯುವುದು ನದಿ, ಸರೋವರಗಳು ಹಾಸಿದ ಹೂಳು ಕಲ್ಲಾದ ಕಡೆಯೇ ಹೊರತು ನೆಲದಾಳದ ಬಿಸಿಯಲ್ಲಿ ಹುಟ್ಟಿದ ನಮ್ಮ ಕಗ್ಗಲ್ಲಿನಲ್ಲಲ್ಲ. ಗೋದಾವರಿ ಕಣಿವೆಯಲ್ಲಿ ಅಂಥ ಹೂಳುಕಲ್ಲು ಇರುವುದರಿಂದಲೇ ಅಲ್ಲಿ ಬರಾಪಾಸಾರಸ್ ಎಂಬ ಡೈನೋಸಾರ್ ಸಿಕ್ಕಿತು, 1975ರಲ್ಲಿ ರವೀಂದ್ರನಾಥ ಟ್ಯಾಗೋರರ ನೆನಪನ್ನೂ ಸೇರಿಸಿ ಅದಕ್ಕೆ ಹೆಸರಿಟ್ಟರು. ಗುಜರಾತಿನ ರಾಯೋಲಿಯಲ್ಲಿ ಡೈನೋಸಾರ್ ಮೊಟ್ಟೆಗಳೇ ಕಲ್ಲಾಗಿ ಉಳಿದಿವೆ. ಇದನ್ನು ಕೇಳಿದ ಮೇಲೆ ಆ ಇಬ್ಬರಲ್ಲಿ ಒಬ್ಬ, "ಹಾಗಾದರೆ ನಮ್ಮ ಬೆಟ್ಟವೇ ದೊಡ್ಡದು, ಸಾರ್, ವಯಸ್ಸಿನಲ್ಲಿ" ಎಂದ. ಪುಸ್ತಕಕ್ಕೆ ಬೀಗ ಹಾಕಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ.

ಕೋಳಿ ಡೈನೋಸಾರ್ ವಂಶದ್ದು ಎಂದು ಶಾಲೆಯಲ್ಲಿ ಸುಳ್ಳು ಹೇಳಿಕೊಡುತ್ತಾರೆ ಎಂದು ಒಬ್ಬ ತಾಯಿ ನೊಂದುಕೊಂಡು ಹೇಳಿದರು. ಅಮ್ಮಾ, ಅದು ಸುಳ್ಳಲ್ಲ. ಹಕ್ಕಿಗಳೆಲ್ಲ ಎರಡು ಕಾಲಿನ ಮೇಲೆ ಓಡಾಡುತ್ತಿದ್ದ ಡೈನೋಸಾರ್‌ಗಳ ಸಂತತಿಯೇ. ಕೋಳಿಯ ಎದೆಯ ಮೇಲ್ಭಾಗದಲ್ಲಿರುವ ಕವಲು ಮೂಳೆ ಅವುಗಳಲ್ಲೂ ಇತ್ತು, ಹಲವಕ್ಕೆ ಗರಿಯೂ ಇತ್ತು.

ಇದರಿಂದ ಅಂಕ ಬರುತ್ತದೆಯೇ ಎಂಬ ಪ್ರಶ್ನೆಯ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಗಣಿತದ ಒಂದು ಅವಧಿಯನ್ನೂ ಇದಕ್ಕಾಗಿ ಕಡಿಮೆ ಮಾಡಿಲ್ಲ, ಮಾಡುವುದೂ ಇಲ್ಲ. ಇದು ವಾರಕ್ಕೊಂದೇ ಅವಧಿ. ಒತ್ತಕ್ಷರ ಬಂದರೆ ತಲೆ ತಗ್ಗಿಸುತ್ತಿದ್ದ ಮಗು ಈಗ 'ಟ್ರೈಸೆರಾಟಾಪ್ಸ್' ಎಂಬ ಪದವನ್ನು ಬೆರಳಿಟ್ಟು, ಬಿಡಿಸಿಕೊಂಡು, ಎಲ್ಲರೆದುರು ಓದುತ್ತದೆ. ಲಕ್ಷದ ಸ್ಥಾನದಲ್ಲಿ ಎಡವುತ್ತಿದ್ದವರು, ಆ ಪ್ರಾಣಿಗಳು ಅಳಿದ 6.6 ಕೋಟಿ ವರ್ಷವನ್ನು ಆರು ಸೊನ್ನೆಗಳ ಸಮೇತ ಬೋರ್ಡಿನ ಮೇಲೆ ಬರೆಯುತ್ತಾರೆ. ಇಪ್ಪತ್ತೆರಡು ವರ್ಷದ ನನ್ನ ನೌಕರಿಯಲ್ಲಿ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಮಕ್ಕಳು ಸಾಲುಗಟ್ಟಿ ನಿಂತದ್ದನ್ನು ನಾನು ನೋಡಿರಲಿಲ್ಲ. ಆದ್ದರಿಂದ ಓದು ಮುಂದುವರಿಯುತ್ತದೆ. ಮನೆಪಾಠ ಮುಗಿಸದ ಮಗುವಿಗೆ ಆ ವಾರ ಪುಸ್ತಕ ಮನೆಗೆ ಕೊಡುವುದಿಲ್ಲ ಎಂಬ ತಮ್ಮ ಸಲಹೆಯನ್ನು ಒಪ್ಪಿಕೊಂಡಿದ್ದೇವೆ, ಈ ಶನಿವಾರದಿಂದಲೇ ಅದು ಜಾರಿಗೆ ಬರುತ್ತದೆ. ಯಾರಿಗೆ ಇನ್ನೂ ಸಮಾಧಾನವಿಲ್ಲವೋ ಅವರು ದಯವಿಟ್ಟು ಆ ಅವಧಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ಬೇಡವೆಂದು ಯಾರೂ ಹೇಳುವುದಿಲ್ಲ.

ಒಂದೆರಡು ಮನೆಗಳಲ್ಲಿ ಮಕ್ಕಳು ಚಿತ್ರ ಬರೆದಿದ್ದ ನೋಟ್‌ಬುಕ್ಕನ್ನು ಸಿಟ್ಟಿನಲ್ಲಿ ಹರಿದರೆಂದು ಕೇಳಿದೆ. ದಯವಿಟ್ಟು ಹರಿಯಬೇಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕೋಲಾರ ತಾಲ್ಲೂಕು