ಫೋಟೋಕ್ಕೆ ಬಂದ ಆಸ್ಪತ್ರೆ ಗಾಡಿ

ಮಾನ್ಯ ಸಂಪಾದಕರೇ,

ಬುಧವಾರದ ನಿಮ್ಮ ಜಿಲ್ಲಾ ಪುಟದಲ್ಲಿ ‘ನೆರೆ ಸಂತ್ರಸ್ತರ ಮನೆ ಬಾಗಿಲಿಗೇ ಆಸ್ಪತ್ರೆ’ ಅಂತ ಸುದ್ದಿ ಬಂದಿದೆ. ಜೊತೆಗೊಂದು ಫೋಟೋ. ಅದರಲ್ಲಿ ಬಲಗಡೆ ಅರ್ಧ ತಲೆ ಕಾಣುತ್ತದಲ್ಲ, ಅದು ನಮ್ಮವ್ವನದು. ಹಾಗಾಗಿ ಬರೆಯದೆ ಇರಲಾಗಲಿಲ್ಲ.

ಮೊದಲನೇದಾಗಿ, ನಮಗೆ ಮನೆಯೂ ಇಲ್ಲ, ಬಾಗಿಲೂ ಇಲ್ಲ. 2019ರ ಈ ಆಗಸ್ಟ್‌ನಲ್ಲಿ ಮಲಪ್ರಭೆ ಎರಡನ್ನೂ ಒಯ್ದಳು. ಈಗಿರುವುದು ತಗಡಿನ ಶೆಡ್ಡು, ಕದ ಕಟ್ಟಲು ಒಂದು ತಂತಿ. ಎರಡನೇದಾಗಿ, ಆ ಆಸ್ಪತ್ರೆ ಗಾಡಿ ಶೆಡ್ಡಿನ ತನಕವೂ ಬರಲಿಲ್ಲ. ಡಾಂಬರು ಮುಗಿಯುವ ಕಡೆ ಬೇವಿನ ಮರದ ನೆರಳಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಈಚೆ ಎರಿ ಮಣ್ಣಿನ, ಅಂದರೆ ಅಂಟುವ ಕಪ್ಪು ಮಣ್ಣಿನ ದಾರಿ, ಹಿಂದಿನ ರಾತ್ರಿ ಬೇರೆ ಮಳೆ. ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಮಣ್ಣು. ಅವ್ವನಿಗೆ 72 ವರ್ಷ, ಶುಗರ್ ಇದೆ, ಬಿಪಿ ಇದೆ. ಚಪ್ಪಲಿ ಒಂದು ಕೈಯಲ್ಲಿ, ನನ್ನ ಭುಜ ಇನ್ನೊಂದು ಕೈಯಲ್ಲಿ ಹಿಡಿದು ನಡೆದಳು. ಆ ದಿನದ ನನ್ನ ಕೂಲಿ ಹೋಯಿತು, ಅದಿರಲಿ.

ಹತ್ತು ಗಂಟೆಗೆ ಅಂದಿದ್ದರು. ಗಾಡಿ ಬಂದದ್ದು ಹತ್ತೂವರೆಗೆ, ಬಾಗಿಲು ತೆರೆದದ್ದು ಹನ್ನೆರಡೂಕಾಲಿಗೆ. ಸಾಹೇಬರು ಬಂದು ರಿಬ್ಬನ್ ಕತ್ತರಿಸಬೇಕಿತ್ತು ನೋಡಿ! ಕತ್ತರಿ ತಂದಿದ್ದರು, ತಟ್ಟೆ ತಂದಿದ್ದರು, ಹಾರ ಐದು ತಂದಿದ್ದರು. ಬಿಪಿ ಮಷಿನ್ನಿಗೆ ಹಾಕುವ ಸೆಲ್ ತಂದಿರಲಿಲ್ಲ. ಅವ್ವನ ತೋಳಿಗೆ ಪಟ್ಟಿ ಸುತ್ತಿದರು, ಗುಂಡಿ ಒತ್ತಿದರು. ಅದು ಒಮ್ಮೆ ಗುರ್ ಅಂದು ಸುಮ್ಮನಾಯಿತು. ನಿಮ್ಮವರು ಫೋಟೋ ಹೊಡೆದದ್ದು ಆಗಲೇ.

ಆಮೇಲೆ ರಿಜಿಸ್ಟರ್ ಹಿಡಿದವನು ಆಧಾರ್ ಕಾರ್ಡ್ ಕೇಳಿದ. ಅವ್ವ ಅಂದಳು, ‘ಹೊಳ್ಯಾಗ ಐತಿ ತಮ್ಮಾ, ಹೋಗಿ ತಗೊಂಡ ಬಾ.’ ಅವನಿಗೆ ಸಿಟ್ಟು ಬಂತು. ನಮಗೆ ನಗು ಬಂತು. ಎರಡು ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ.

ಶುಗರ್ ಗುಳಿಗೆ ಸ್ಟಾಕ್ ಇಲ್ಲವಂತೆ. ಮೊಣಕಾಲು ನೋವಿನವರಿಗೂ, ಕೆಮ್ಮಿನವರಿಗೂ, ಕೆಸರುಹುಣ್ಣಾಗಿ ಕಾಲು ಬಿರಿದವರಿಗೂ ಒಂದೇ ಬಿಳಿ ಪ್ಯಾರಾಸಿಟಮಾಲ್, ಮೇಲೊಂದು ಓಆರ್‌ಎಸ್ ಪ್ಯಾಕೆಟ್. ಬಿಪಿಗೆ ನಾಲ್ಕು ಗುಳಿಗೆ ಕೊಟ್ಟರು. ಅದೂ ಹಾಳೆಯಿಂದ ಕತ್ತರಿಸಿ. ಗುಳಿಗೆಯ ಹೆಸರು, ತಾರೀಖು ಎಲ್ಲ ಅವರ ಕೈಯಲ್ಲಿದ್ದ ತುಂಡಿನಲ್ಲೇ ಉಳಿಯಿತು. ಇನ್ನೊಂದು ಕಡೆ ತೋರಿಸಿದರೆ ‘ಇದು ಯಾವ ಗುಳಿಗೆ?’ ಅಂತ ನಮ್ಮನ್ನೇ ಕೇಳುತ್ತಾರೆ. ನಾಲ್ಕು ದಿನ ಆದಮೇಲೆ ಬಿಪಿ ತಾನೇ ಇಳಿದು ಹೋಗುತ್ತದೆಯೋ ಏನೋ, ಓದಿದವರು ಹೇಳಬೇಕು.

ನೆರೆ ಬಂದಾಗಿನಿಂದ ವಾಂತಿಭೇದಿ, ಇಲಿಜ್ವರ ಅಂತ ಎಲ್ಲರೂ ಹೆದರಿಸಿದರು. ನೀರಿಗೆ ಹಾಕುವ ಕ್ಲೋರಿನ್ ಗುಳಿಗೆ ಹಂಚಿದರು, ಒಳ್ಳೇದೇ. ಆದರೆ ದಿನಾ ನುಂಗುವ ಗುಳಿಗೆಯ ಡಬ್ಬಿ, ಡಾಕ್ಟರ್ ಬರೆದ ಚೀಟಿ ಸಮೇತ ಹೊಳೆಗೆ ಹೋದವರ ಗತಿ ಏನು ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಶೆಡ್ಡಿನ ಸಾಲಿನಲ್ಲೇ ಒಬ್ಬರು ಇನ್ಸುಲಿನ್ ಬಾಟಲಿಯನ್ನು ತಂಪಾಗಿರಲಿ ಅಂತ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಗಡಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನ ಈ ತಗಡಿನ ಕೆಳಗೆ ಸಾಹೇಬರು ಒಂದು ತಾಸು ಕೂತು ನೋಡಲಿ.

ಇಂಥ ಗಾಡಿಯಲ್ಲಿ ಡಾಕ್ಟರ್, ನರ್ಸ್, ಲ್ಯಾಬಿನವರು, ಔಷಧಿ ಕೊಡುವವರು, ಡ್ರೈವರ್ ಇಷ್ಟೂ ಜನ ಇರಬೇಕು. ಹತ್ತು ಲಕ್ಷ ಜನಕ್ಕೆ ಒಂದು ಗಾಡಿ ಅಂತ ಲೆಕ್ಕ. ಊರೂರೇ ಮುಳುಗಿದಾಗಲೂ ಅದೇ ಲೆಕ್ಕವೇ? ನಾವು ಕಂಡದ್ದು ಡ್ರೈವರ್, ರಿಜಿಸ್ಟರಿನವನು, ಒಬ್ಬ ಡಾಕ್ಟರ್ ಹುಡುಗಿ. ಆಕೆಯನ್ನು ಬೈಯುವುದಿಲ್ಲ. ಪಾಪ, ಒಬ್ಬಳೇ ಎಷ್ಟು ಜನರನ್ನು ನೋಡಿಯಾಳು. ಬೆಲ್ಲದ ಚಹಾ ಕೊಟ್ಟರೆ ಅದನ್ನು ಕುಡಿಯಲೂ ಆಕೆಗೆ ಪುರಸೊತ್ತಿರಲಿಲ್ಲ. ಒಂದೂವರೆಗೆ ಗಾಡಿ ಹೊರಟಿತು. ಸಾಲಿನಲ್ಲಿ ಇನ್ನೂ ಮೂವತ್ತು ಮಂದಿ ನಿಂತಿದ್ದರು.

ಇದು ಇವತ್ತಿನ ಕಥೆಯಲ್ಲ ಬಿಡಿ. 2009ರಲ್ಲೂ ಹೊಳೆ ಬಂತು. ಆಗ ಸಂತ್ರಸ್ತರಿಗೆ ಕಟ್ಟಿಕೊಡುವ ‘ಆಸರೆ’ ಮನೆ ಅಂದರು. ನೀರಿಲ್ಲ, ದಾರಿಯಿಲ್ಲ, ಎಷ್ಟೋ ಕಡೆ ಅವುಗಳ ಒಳಗೆ ಈಗ ಜಾಲಿ ಬೆಳೆದಿದೆ. ಈ ಸಲ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದರು. ನಮ್ಮ ಮನೆಯ ಒಂದು ಗೋಡೆ ಪುಣ್ಯಕ್ಕೋ ಪಾಪಕ್ಕೋ ನಿಂತಿದೆ, ಅದಕ್ಕೆ ತಲಾಟಿಯವರು (ಗ್ರಾಮ ಲೆಕ್ಕಿಗರು) ‘ಸಿ’, ಅಂದರೆ ಸ್ವಲ್ಪ ಹಾನಿ ಅಂತ ಬರೆದುಕೊಂಡು ಹೋದರು. ಒಂದು ಗೋಡೆಯಲ್ಲಿ ಸಂಸಾರ ಮಾಡುವುದು ಹೇಗೆ ಅಂತ ಬರೆಯಲಿಲ್ಲ. ಕೇಂದ್ರದಿಂದ 1,200 ಕೋಟಿ ಬಂತು ಅಂತ ನಿಮ್ಮ ಪೇಪರ್‌ನಲ್ಲೇ ಓದಿದೆ. ಅದು ಯಾವ ದಾರಿಯಲ್ಲಿ ಬರುತ್ತಿದೆಯೋ, ಅದಕ್ಕೂ ಎರಿ ಮಣ್ಣು ಮೆತ್ತಿಕೊಂಡಿರಬೇಕು.

‘ಸಂಬಂಧಪಟ್ಟವರು ಗಮನಿಸಬೇಕು’ ಅಂತ ಬರೆಯುವುದು ವಾಡಿಕೆ. ಆ ಸಂಬಂಧಪಟ್ಟವರು ಯಾರು ಅಂತ ಹತ್ತು ವರ್ಷದಿಂದ ಕೇಳುತ್ತಿದ್ದೇವೆ. ಗಾಡಿ ವಾರಕ್ಕೊಮ್ಮೆ ಶೆಡ್ಡಿನ ತನಕ ಬರಲಿ. ಇಲ್ಲವೇ ಬರುವುದೇ ಬೇಡ, ತಿಂಗಳ ಗುಳಿಗೆಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟುಬಿಡಿ, ಆಕೆಯಾದರೂ ಕೆಸರಿನಲ್ಲಿ ನಡೆದು ಬರುತ್ತಾಳೆ. ದಾರಿಗೆ ಗರಸು ಹಾಕಿಸಿ. ಮೊದಲು ನಮ್ಮ ಮನೆಯ ಪಂಚನಾಮೆ ಸರಿ ಮಾಡಿಸಿ. ಇದ್ಯಾವುದೂ ಆಗದಿದ್ದರೆ ಮುಂದಿನ ಸಲ ಹಾರದ ಜೊತೆ ನಾಲ್ಕು ಸೆಲ್ಲಾದರೂ ತನ್ನಿ.

— ಶೆಡ್ ನಂಬರ್ 14ರ ನಿವಾಸಿ, ಮಲಪ್ರಭೆಯ ದಂಡೆ