ತಣ್ಣಗಿನ ಎಂಜಿನ್ ಮುಟ್ಟಿ ನೋಡಿದವರಿಗೆ

ಕಳೆದ ಶನಿವಾರ ಬೆಳಿಗ್ಗೆ ಏಳೂವರೆಗೆ ನನ್ನ ಹಳೆಯ ಮೋಟಾರ್‌ಸೈಕಲ್ ಕೊಳ್ಳಲು ಮೂವರು ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತರು. ಇಟಲಿಯ ಬೆರ್ಗಮೊ ಕಡೆಯ ಅಕ್ಕ, ತಮ್ಮ ಮತ್ತು ಅವರ ಗೆಳೆಯ. ಅಕ್ಕ ಮಾಡಿದ ಮೊದಲ ಕೆಲಸವೆಂದರೆ ಕೈಗವಸು ಕಳಚಿ ಬಲಗಡೆಯ ಸಿಲಿಂಡರ್ ಹೆಡ್ಡಿನ ಮೇಲೆ ಅಂಗೈ ಇಟ್ಟದ್ದು. ನಾನು ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ನಕ್ಕರು. ನನಗೆ ಆಗಲೇ ನೆಮ್ಮದಿಯಾಯಿತು. ಬಿಸಿ ಎಂಜಿನ್ ಯಾರ ಕೈಯಲ್ಲಾದರೂ ಚಾಲೂ ಆಗುತ್ತದೆ. ತಣ್ಣಗಿದ್ದಾಗಲೇ ಅದರ ಆರೋಗ್ಯ ತಿಳಿಯುವುದು.

ಥ್ರಾಟಲನ್ನು ಎರಡು ಸಲ ತಿರುಗಿಸಿದೆ. ಡೆಲ್ಲೋರ್ಟೊ ಕಾರ್ಬ್ಯುರೇಟರಿನ ಪುಟ್ಟ ಪಂಪು ಪೆಟ್ರೋಲು ಚಿಮ್ಮಿಸಿತು. ಗುಂಡಿ ಒತ್ತಿದಾಗ 1976ರ ಮೋಟೊ ಗುತ್ಸಿ 850 ಲೆ ಮಾನ್ ಒಮ್ಮೆ ಕೆಮ್ಮಿ, ಬಲಕ್ಕೆ ಸಣ್ಣಗೆ ವಾಲಿ, ಉಸಿರಾಡಲು ತೊಡಗಿತು. ಅದರ ಕ್ರ್ಯಾಂಕ್, ಅಂದರೆ ಎಂಜಿನ್ನಿನೊಳಗೆ ತಿರುಗುವ ದಂಡ, ಗಾಡಿಯ ಉದ್ದಕ್ಕೆ ಮಲಗಿರುವುದರಿಂದ ನಿಂತಲ್ಲಿ ವೇಗ ಕೊಟ್ಟರೆ ಇಡೀ ಗಾಡಿ ಒಂದು ಪಕ್ಕಕ್ಕೆ ಭುಜ ಹಾಕುತ್ತದೆ. ಮೂವರೂ ಅದನ್ನೇ ಕಾಯುತ್ತಿದ್ದರು.

ಮಾರಾಟ ಮುಗಿದಿದೆ. ಕಾಗದಪತ್ರಗಳು ಅವರ ಹೆಸರಿಗೆ ವರ್ಗವಾಗಿವೆ. ಇಟಾಲಿಯನ್ ಗೆಳೆಯರಿಗೆ ಹೇಳಬೇಕಾದುದನ್ನು ಅವರ ಭಾಷೆಯಲ್ಲಿ ಬಾಯಾರೆ ಹೇಳಿದ್ದೇನೆ. ಆದರೆ ನನ್ನ ಮನಸ್ಸು ತುಂಬಿಬಂದರೆ ಮಾತು ಹೊರಡುವುದು ಕನ್ನಡದಲ್ಲಿ. ಆದ್ದರಿಂದ ಈ ಬರಹ.

2016ರಲ್ಲಿ ಇದನ್ನು ಕೊಂಡಾಗ ಇದು ಗಾಡಿಯಾಗಿರಲಿಲ್ಲ, ಹನ್ನೊಂದು ಹಣ್ಣಿನ ಪೆಟ್ಟಿಗೆಗಳಲ್ಲಿ ತುಂಬಿದ ಬಿಡಿಭಾಗಗಳಾಗಿತ್ತು. ಆಗ ನಾನಿದ್ದದ್ದು ಉತ್ತರ ಇಟಲಿಯ ಲೆಕ್ಕೊದಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ. ಕೆಳಮನೆಯ ಅಜ್ಜಿ ತಮ್ಮ ದಿವಂಗತ ಪತಿಯ ಗ್ಯಾರೇಜಿನ ಬೀಗದ ಕೈಯನ್ನು ನನಗೆ ಕೊಟ್ಟರು. ಬಾಡಿಗೆ ಕೇಳಿದಾಗ, ಶನಿವಾರ ಸಂತೆಯಿಂದ ತರಕಾರಿ ತಂದುಕೊಟ್ಟರೆ ಸಾಕು ಎಂದರು. ಇಷ್ಟೂ ವರ್ಷ ಅದೇ ಬಾಡಿಗೆ. ಅಜ್ಜಿ, ನಿಮ್ಮ ನೆಲದ ಮೇಲಿನ ಎಣ್ಣೆಯ ಕಲೆಯನ್ನು ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಕ್ಷಮಿಸಿ.

ಗುತ್ಸಿ ಕಾರ್ಖಾನೆ ಇರುವ ಮಾಂಡೆಲ್ಲೊ ದೆಲ್ ಲಾರಿಯೊ ಲೆಕ್ಕೊದಿಂದ ಕೆಲವೇ ನಿಮಿಷಗಳ ರೈಲು ಪ್ರಯಾಣ, ಕೋಮೊ ಸರೋವರದ ದಂಡೆಯಲ್ಲೇ ಇದೆ. ಅಲ್ಲಿ ಎಂಜಿನ್ ಜೋಡಿಸುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರನ್ನು ಕಾಫಿ ಅಂಗಡಿಯಲ್ಲಿ ಭೇಟಿಯಾದೆ. ನನ್ನ ಪೆಟ್ಟಿಗೆಗಳ ಕಥೆ ಕೇಳಿ ಮರುದಿನವೇ ಮನೆಗೆ ಬಂದರು. ಸಿಲಿಂಡರಿನ ಒಳಮೈಯ ಕ್ರೋಮ್ ಲೇಪನ, ವರ್ಷಗಟ್ಟಲೆ ತೇವದಲ್ಲಿ ಕುಳಿತು, ಒಂದು ಕಡೆ ಸಿಪ್ಪೆ ಎದ್ದಿತ್ತು. ನಾನು ಅದನ್ನೇ ತೀಡಿ ಬಳಸುವ ಯೋಚನೆಯಲ್ಲಿದ್ದೆ. ಎದ್ದ ಚೂರುಗಳು ಎಣ್ಣೆಯೊಂದಿಗೆ ಬೇರಿಂಗಿಗೆ ಹೋದರೆ ಕ್ರ್ಯಾಂಕನ್ನೇ ತಿನ್ನುತ್ತವೆ ಎಂದು ಅವರು ತಡೆದರು. ಮಾಂಡೆಲ್ಲೊದಲ್ಲೇ ತಯಾರಾದ ನಿಕಾಸಿಲ್ ಎಂಬ ಗಟ್ಟಿ ನಿಕಲ್ ಲೇಪನದ ಸಿಲಿಂಡರ್ ಜೋಡಿಯನ್ನು ಹುಡುಕಿಕೊಟ್ಟವರೂ ಅವರೇ. ಅವರಿಂದ ಕಲಿತದ್ದಕ್ಕೆ ಲೆಕ್ಕವಿಲ್ಲ. ಗುತ್ಸಿಯ ಲಾಂಛನದಲ್ಲಿರುವ ಹದ್ದು ಜೊವಾನ್ನಿ ರವೆಲ್ಲಿ ಎಂಬ ವಿಮಾನ ಚಾಲಕನ ನೆನಪಿಗಾಗಿ ಎಂಬುದನ್ನೂ ಅವರೇ ಹೇಳಿದರು. ಕಾರ್ಲೊ ಗುತ್ಸಿ, ಜೋರ್ಜೊ ಪರೋದಿ ಮತ್ತು ರವೆಲ್ಲಿ ಸೇರಿ ಮೋಟಾರ್‌ಸೈಕಲ್ ಕಟ್ಟುವ ಕನಸು ಕಂಡಿದ್ದರು. ರವೆಲ್ಲಿ 1919ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಉಳಿದವರು 1921ರಲ್ಲಿ ಕಂಪನಿ ಕಟ್ಟಿ ಗೆಳೆಯನ ಹದ್ದನ್ನು ಅದರ ಗುರುತಾಗಿಸಿದರು. ಇದನ್ನು ಹೇಳುವಾಗ ಆ ಹಿರಿಯರ ಧ್ವನಿ ಮನೆಯ ಮಾತು ಹೇಳುವಂತಿತ್ತು.

ಗುತ್ಸಿಯ ಎಂಜಿನಿಯರ್ ಲೀನೊ ತೊಂತಿ ರೂಪಿಸಿದ ಈ ಫ್ರೇಮಿನ ಕೆಳಗಿನ ಎರಡು ಕೊಳವೆಗಳು ಬೋಲ್ಟಿನಿಂದ ಕೂಡಿಕೊಂಡಿರುತ್ತವೆ. ಅವನ್ನು ಬಿಡಿಸಿದರೆ ಎಂಜಿನ್ನನ್ನು ಕುಳಿತಲ್ಲೇ ಬಿಟ್ಟು ಫ್ರೇಮನ್ನು ಮೇಲಕ್ಕೆ ಎತ್ತಿಬಿಡಬಹುದು. ಪುಸ್ತಕದಲ್ಲಿ ಓದಲು ಸುಲಭ. ಮಿಲಾನಿನಿಂದ ಊಟಕ್ಕೆಂದು ಬಂದಿದ್ದ ಇಬ್ಬರು ಕನ್ನಡ ಗೆಳೆಯರು ಬಿಳಿ ಅಂಗಿಯಲ್ಲೇ ಅದನ್ನು ಹಿಡಿದು ನಿಂತರು. ಬಿಸಿಬೇಳೆ ಬಾತ್ ತಣ್ಣಗಾಯಿತು. ಗೆಳೆಯರೇ, ನಿಮ್ಮ ಅಂಗಿಗಳ ಋಣ ನನ್ನ ಮೇಲಿದೆ.

ಇನ್ನು ಪೇಂಟರ್. ಹೆಡ್‌ಲೈಟಿನ ಸುತ್ತ ಹೊಳೆಯುವ ಆ ಕಿತ್ತಳೆ ಬಣ್ಣಕ್ಕಾಗಿ ನಾಲ್ಕು ಸಲ ಬಳಿದು ನಾಲ್ಕು ಸಲವೂ ಕೆರೆದರು, ಒಂದು ಸಲದ ಕೂಲಿ ಮಾತ್ರ ತೆಗೆದುಕೊಂಡರು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಲೆಕ್ಕೊ ಇರುವ ಲೊಂಬಾರ್ದಿಯ ಪ್ರದೇಶವೇ ಮುಚ್ಚಿಹೋಯಿತು. ಹಗಲೂ ರಾತ್ರಿ ಆಂಬುಲೆನ್ಸಿನ ಸದ್ದು. ಮೈಸೂರಿನಲ್ಲಿ ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು, ನಾನು ಹೋಗುವಂತಿರಲಿಲ್ಲ. ಮೆಟ್ಟಿಲಿಳಿದರೆ ಗ್ಯಾರೇಜು, ಅಷ್ಟೇ ನನ್ನ ಲೋಕ. ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಮನೆಯ ಪಕ್ಕದ ಶೆಡ್ಡಿನಲ್ಲಿ ಯೆಜ್ಡಿಗಳನ್ನು ರಿಪೇರಿ ಮಾಡಿ ನನ್ನನ್ನು ಓದಿಸಿದವರು. ಹಾಸಿಗೆಯಲ್ಲಿ ಮಲಗಿಯೇ ದಿನವೂ ಮೊಬೈಲಿನಲ್ಲಿ ಕೇಳುತ್ತಿದ್ದರು: ಇವತ್ತು ಯಾವ ಭಾಗ ಕೂಡಿಸಿದೆ? ಹೇಳಲು ಏನಾದರೂ ಇರಲೇಬೇಕೆಂದು ನಾನು ದಿನಕ್ಕೊಂದು ಬೋಲ್ಟಾದರೂ ಬಿಗಿಯುತ್ತಿದ್ದೆ. ಜೂನ್‌ನಲ್ಲಿ ಎಂಜಿನ್ ಮೊದಲ ಸಲ ಚಾಲೂ ಆದಾಗ ಮೊಬೈಲನ್ನು ಸೈಲೆನ್ಸರಿನ ಬಳಿ ಹಿಡಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಐಡ್ಲಿಂಗ್ ಹೆಚ್ಚಾಗಿದೆ, ಸ್ವಲ್ಪ ಇಳಿಸು” ಎಂದರು. ಇಳಿಸಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಈಗ ಅವರ ಹತ್ತಿರ ಇರಲೆಂದು ಊರಿಗೆ ಮರಳುತ್ತಿದ್ದೇನೆ. ಅದಕ್ಕೇ ಮಾರಿದ್ದು.

ಕೊಂಡವರಿಗೆ ಗಾಡಿಯ ಜೊತೆ ಒಂದೂವರೆ ಪುಟದ ಪಟ್ಟಿ ಕೊಟ್ಟಿದ್ದೆ. ಮೂಲದ್ದಲ್ಲದ ಭಾಗಗಳೆಲ್ಲ ಅದರಲ್ಲಿದ್ದವು: ಸಿಲಿಂಡರುಗಳು, ಪಾಯಿಂಟುಗಳ ಬದಲಿಗೆ ಹಾಕಿದ ಎಲೆಕ್ಟ್ರಾನಿಕ್ ಇಗ್ನಿಷನ್, ಹೊಸದಾಗಿ ಅಚ್ಚು ಹಾಕಿಸಿದ ಸೀಟು, ಎಡ ಪಕ್ಕದ ಮುಚ್ಚಳದಲ್ಲಿ ನಾನೇ ಬೆಸೆದ ಬಿರುಕು. ಇದನ್ನು ಓದಿ ಬೆಲೆ ಇಳಿಸಲು ಕೇಳುತ್ತಾರೆ ಎಂದುಕೊಂಡಿದ್ದೆ. ಆದರೆ ಆ ಅಕ್ಕನ ತಮ್ಮ ಅದನ್ನು ಎರಡು ಸಲ ಓದಿ, ಕೊನೆಯಲ್ಲಿ ನನ್ನ ಸಹಿ ಕೇಳಿದರು. ಗಾಡಿಯ ಹಳೆಯ ನೋಂದಣಿ ಪುಸ್ತಕದೊಳಗೆ ಅದನ್ನು ಮಡಿಸಿಟ್ಟುಕೊಂಡರು. ಕೇಳಿದ ಬೆಲೆಯನ್ನೇ ಕೊಟ್ಟರು. ಲೆಕ್ಕೊ ಪ್ರತ್ಯೇಕ ಪ್ರಾಂತವಾಗುವ ಮೊದಲಿನ, ಕೋಮೊ ಪ್ರಾಂತದ ‘ಸಿಒ’ ಅಕ್ಷರಗಳ ನಂಬರ್ ಪ್ಲೇಟನ್ನು ಬದಲಿಸುವುದಿಲ್ಲ ಎಂದು ಕೇಳದೆಯೇ ಮಾತು ಕೊಟ್ಟರು. ನಿಮ್ಮ ಮೂವರಿಗೂ ನನ್ನ ಮನಃಪೂರ್ವಕ ನಮಸ್ಕಾರ.

ಸೆಪ್ಟೆಂಬರಿನಲ್ಲಿ ಜಗತ್ತಿನ ಗುತ್ಸಿ ಸವಾರರೆಲ್ಲ ಮಾಂಡೆಲ್ಲೊದಲ್ಲಿ ಸೇರುತ್ತಾರೆ. ಆ ದಿನ ಕಾರ್ಖಾನೆಯ ಕೆಂಪು ಗೇಟಿನ ಮುಂದೆ ಎಂಜಿನ್ ಚಾಲೂ ಮಾಡಿ ಮೊಬೈಲಿನಲ್ಲಿ ಕೇಳಿಸುತ್ತೇವೆ ಎಂದು ಅಕ್ಕ ಹೇಳಿದ್ದಾರೆ. ಅಲ್ಲಿ ಮಧ್ಯಾಹ್ನ ಹನ್ನೆರಡಾದರೆ ಮೈಸೂರಿನಲ್ಲಿ ಮೂರೂವರೆ, ಅಪ್ಪನ ಕಾಫಿಯ ಹೊತ್ತು.