ಹಳೆಯ ಆರ್‌ವಿಯಲ್ಲಿ ಅತಿಯಾಗಿ ಕಾಯುವ ನೀರು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹಳೆಯ ಆರ್‌ವಿ (ಒಳಗೇ ವಾಸಿಸಬಹುದಾದ ಪ್ರವಾಸಿ ವಾಹನ) ಕೊಂಡು ಪ್ರವಾಸ ಹೊರಡುವ ಕನ್ನಡಿಗರ ಗಮನಕ್ಕೆ ಈ ಪತ್ರ. ಆರ್‌ವಿಯ ವಾಟರ್ ಹೀಟರ್‌ನ ಥರ್ಮೋಸ್ಟಾಟ್ ಸಾಮಾನ್ಯವಾಗಿ 54ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯನ್ನು ನಿಲ್ಲಿಸಬೇಕು. ಅದು ಕೆಟ್ಟರೆ ಸುಮಾರು 82 ಡಿಗ್ರಿಯಲ್ಲಿ ಇನ್ನೊಂದು ಸುರಕ್ಷಾ ಸ್ವಿಚ್ ಹೀಟರನ್ನೇ ಆರಿಸುತ್ತದೆ. ಪದೇಪದೇ ಹೀಗಾಗುತ್ತಿದ್ದರೂ ಸ್ವಿಚ್ಚನ್ನು ಮತ್ತೆ ಒತ್ತಿ ಹೀಟರ್ ನಡೆಸುವುದು, ಅದರಲ್ಲೂ ಮಕ್ಕಳು ಸ್ನಾನ ಮಾಡುವ ವಾಹನದಲ್ಲಿ, ಬಹಳ ಅಪಾಯಕಾರಿ: 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಗ್ಯಾಸ್, ವಿದ್ಯುತ್ ಎರಡನ್ನೂ ನಿಲ್ಲಿಸಿ, ನೀರು ತಣಿದ ಮೇಲೆ, ಥರ್ಮೋಸ್ಟಾಟ್ ಟ್ಯಾಂಕಿಗೆ ಬಿಗಿಯಾಗಿ ಅಂಟಿಕೊಂಡಿದೆಯೇ, ನಡುವೆ ತುಕ್ಕು ಕೂತಿದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಸಂಪರ್ಕ ಸಡಿಲವಾದರೆ ಅದು ನೀರಿನ ನಿಜವಾದ ಬಿಸಿಯನ್ನು ಅರಿಯಲಾರದು. ಸಂಪರ್ಕ ಸರಿಯಿದ್ದರೆ ಥರ್ಮೋಸ್ಟಾಟ್, ಸುರಕ್ಷಾ ಸ್ವಿಚ್ ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಒತ್ತಡ ಬಿಡುವ ವಾಲ್ವ್ ಸೋರುತ್ತದೆಂದು ಅದನ್ನು ಮುಚ್ಚಿಬಿಡುವುದನ್ನಂತೂ ಯಾರೂ ಮಾಡಬಾರದು.

– ಓದುಗ, ಅಮೆರಿಕ